ಸೆರಗಿನ ನೆರಳಲ್ಲಿ ಕಂಡದ್ದು

ಬಿಸಿಲು ಏರಿತೆಂದರೆ ಅವರು ಸೀರೆಯ ಸೆರಗನ್ನು ತಲೆಯ ಮೇಲಿಂದ ಎಳೆದು, ಕೈಯಲ್ಲಿದ್ದ ರಿಮೋಟಿನ ಪರದೆಗೂ ಹೊದಿಸಿ, ಆ ಕತ್ತಲೊಳಗೆ ಮುಖವಿಟ್ಟು ನಿಂತುಬಿಡುತ್ತಿದ್ದರು. ಹೊರಗೆ ಕಾಣುತ್ತಿದ್ದುದು ಎರಡು ಮೊಣಕೈ, ಒಂದಷ್ಟು ಗಾಜಿನ ಬಳೆ, ಹವಾಯಿ ಚಪ್ಪಲಿಯೊಳಗಿನ ಮಣ್ಣು ಮೆತ್ತಿದ ಪಾದ. ಮೇಲೆ ಆಕಾಶದಲ್ಲಿ ನಮ್ಮ ಡ್ರೋನ್ ಗುಂಯ್‌ಗುಡುತ್ತ ಗೆರೆ ಎಳೆದ ಹಾಗೆ ಹೋಗಿ ಬರುತ್ತಿತ್ತು. ಕೆಳಗೆ ಈ ಸೆರಗಿನ ಗುಡಾರ. ದಾರಿಯಲ್ಲಿ ಹುಲ್ಲು ಹೊತ್ತು ಹೋಗುವ ಹೆಂಗಸರು ನಿಂತು ಕೇಳುತ್ತಿದ್ದರು: "ಯಾಕವ್ವಾ, ಆ ಯಮ್ಮ ಅಳ್ತಾ ಅದೆ?" ನಮ್ಮ ಡ್ರೈವರಣ್ಣ ಜೀಪಿಗೆ ಒರಗಿಕೊಂಡೇ ಉತ್ತರ ಕೊಡುತ್ತಿದ್ದ: "ಅಳ್ತಿಲ್ಲ ಕಣಕ್ಕ, ನೋಡ್ತಾವ್ರೆ."

ಅವರನ್ನು ನಾವೆಲ್ಲ ಕರೆಯುತ್ತಿದ್ದುದು ಮಿಸ್ ಎಂದೇ. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು, ಮೈಸೂರಿಗೆ ಹೋಗಿ, ತಮ್ಮ ಅರ್ಧ ವಯಸ್ಸಿನ ಹುಡುಗರ ನಡುವೆ ಕೂತು ಡ್ರೋನ್ ಹಾರಿಸುವುದನ್ನು ಕಲಿತು, ಲೈಸೆನ್ಸು ಹಿಡಿದುಕೊಂಡು ಬಂದಾಗ ಊರಲ್ಲಿ ನಗದವರೇ ಇಲ್ಲ. "ಮದ್ವೆ ವಿಡಿಯೋ ತೆಗೆಯಕಾ ಟೀಚರಮ್ಮ?" ಎಂದು ಕೇಳಿದವರೂ ಇದ್ದರು. ಮಿಸ್ ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ. "ಹೌದಪ್ಪ, ಕೆರೆಗೂ ಕಾಡಿಗೂ ಮದುವೆ. ಊಟಕ್ಕೆ ಬಂದ್ಬಿಡಿ" ಎನ್ನುತ್ತಿದ್ದರು. ಕೆರೆ, ಕಾಡಂಚು, ಬೆಳೆಗಳ ಆರೋಗ್ಯ ನೋಡುವ ಒಂದು ಸಣ್ಣ ಸಂಸ್ಥೆಯ ಕೆಲಸ ಅವರದು.

ನಾನು ಡಿಗ್ರಿ ಮುಗಿಸಿ ಸತ್ತೇಗಾಲದ ಮನೆಯಲ್ಲಿ ಅಮ್ಮನ ಕೈಲಿ ಬೈಸಿಕೊಳ್ಳುತ್ತ ಕೂತಿದ್ದ ಕಾಲ. ಒಂದು ದಿನ ಮಿಸ್ ಫೋನ್ ಮಾಡಿದರು.

"ಲೇ, ನಿನ್ನ ಕಣ್ಣು ಚೆನ್ನಾಗಿದೆಯೇನೇ?"

"ಚೆನ್ನಾಗಿದೆ ಮಿಸ್."

"ಕತ್ತು?"

"ಅದೂ ಚೆನ್ನಾಗಿದೆ."

"ಹಂಗಾದ್ರೆ ಸೋಮವಾರ ಬಾ."

ಇಷ್ಟೇ ನನ್ನ ಇಂಟರ್‌ವ್ಯೂ. ಹಾರಿಸುವವರ ಕಣ್ಣು ಪರದೆಯ ಮೇಲಿರುವುದರಿಂದ ಇನ್ನೊಬ್ಬರು ಬರಿಗಣ್ಣಲ್ಲಿ ಯಂತ್ರವನ್ನು ಬಿಡದೆ ನೋಡುತ್ತಿರಬೇಕು. ಹದ್ದು ಬಂದರೆ, ಕರೆಂಟು ತಂತಿ ಹತ್ತಿರವಾದರೆ, ತೆಂಗಿನ ಗರಿ ಅಡ್ಡ ಬಂದರೆ ಕೂಗಬೇಕು. "ನಾನು ಕೈ, ನೀನು ಕಣ್ಣು" ಎನ್ನುತ್ತಿದ್ದರು. ಮೊದಲ ವಾರ ಕತ್ತು ಹಿಡಿದುಕೊಂಡು ನಾನು ಅತ್ತೇಬಿಟ್ಟೆ. ಅವರು ತಮ್ಮ ಚೀಲದಿಂದ ನೀಲಗಿರಿ ಎಣ್ಣೆ ತೆಗೆದು, ಹೊಲದ ಬದುವಿನ ಮೇಲೆ ಕೂರಿಸಿಕೊಂಡು ತಿಕ್ಕಿದರು. ತಿಕ್ಕುತ್ತಲೇ ಬೈದರು: "ಕತ್ತೆತ್ತಿ ನೋಡೋ ಅಭ್ಯಾಸವೇ ಇಲ್ಲ ನಿಮ್ಗೆ. ಮೊಬೈಲ್ ನೋಡಿ ನೋಡಿ ಹಂಗೇ ಬಗ್ಗಿಹೋಗಿದೆ."

ಆ ಡ್ರೋನಿಗೆ ಎರಡು ವಿಶೇಷ ಕಣ್ಣುಗಳಿದ್ದವು. ಒಂದು, ಬೆಳಕನ್ನು ಪಟ್ಟಿ ಪಟ್ಟಿಯಾಗಿ ಬಿಡಿಸಿ ನೋಡುವಂಥದು. ಕೆಂಪಿನಿಂದ ಆಚೆಗಿನ, ನಮಗೆ ಕಾಣದ ಬೆಳಕೂ ಅದಕ್ಕೆ ಕಾಣುತ್ತದೆ. ಎಲೆ ಹಳದಿಯಾಗುವ ಮುಂಚೆಯೇ ಆ ಬೆಳಕಿನಲ್ಲಿ ಮಂಕಾಗುತ್ತದೆ, ನೀರಿಗೆ ಏನಾದರೂ ಬೆರೆತರೆ ಅಲ್ಲಿ ಗೊತ್ತಾಗುತ್ತದೆ. ಇನ್ನೊಂದು, ಬಿಸಿಯನ್ನು ನೋಡುವ ಕಣ್ಣು. ಮಧುವನಹಳ್ಳಿಯ ಹಿಪ್ಪುನೇರಳೆ ತೋಟ, ಹನೂರಿನ ಕಡೆ ಲಂಟಾನ ಪೊದೆ ಮುಚ್ಚಿಕೊಂಡ ಕಾಡಂಚು, ಯಳಂದೂರಿನ ಕಡೆಯ ಕೆರೆಗಳು ಎಂದು ನಾವು ಮೂವರು ಜೀಪಿನಲ್ಲಿ ಸುತ್ತುತ್ತಿದ್ದೆವು. ಮಧ್ಯಾಹ್ನ ಮಿಸ್ ತಂದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಡ್ರೈವರಣ್ಣನಿಗೆ ಯಾವಾಗಲೂ ಒಂದು ರೊಟ್ಟಿ ಜಾಸ್ತಿ, ಜೀಪು ಅವನ ಮಾತು ಮಾತ್ರ ಕೇಳುತ್ತದೆಂಬ ಕಾರಣಕ್ಕೆ.

ಮಿಸ್ ಹುಟ್ಟಿದ್ದು ಕೊಳ್ಳೇಗಾಲದ ರೇಷ್ಮೆ ನೇಯುವವರ ಬೀದಿಯಲ್ಲಿ. ಮದುವೆಯಾಗಿ ಸೇರಿದ್ದು ಹನೂರಿಗೆ. ತವರಿನಲ್ಲಿ ಮಗ್ಗದ ಜೊತೆಗೆ ಹಿಂದುಗಡೆ ಒಂದು ಬಣ್ಣದ ಮನೆಯೂ ಇತ್ತು. ರೇಷ್ಮೆ ನೂಲನ್ನು ಸೋಪು, ಸೋಡಾ ಹಾಕಿ ಕುದಿಸಿ, ಅಂಟು ತೆಗೆದು, ಬಣ್ಣ ಕಟ್ಟಿ ಬೀದಿಯ ಮಗ್ಗಗಳಿಗೆಲ್ಲ ಕೊಡುವುದು ಅವರ ಕಸುಬು. ತಂದೆ ಬೇಗ ಹೋದ ಮೇಲೆ ಅಣ್ಣನೇ ಅಪ್ಪನ ಜಾಗದಲ್ಲಿ ನಿಂತರಂತೆ. ಹೆಣ್ಣಿಗೆ ಓದಿದ್ದು ಸಾಕು ಎಂದು ಹಿರಿಯರು ಗೊಣಗಿದಾಗ, ತಂಗಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕಾಲೇಜಿನ ಗೇಟಿಗೆ ಬಿಟ್ಟು ಬಂದವರೂ ಅವರೇ. ಮಿಸ್ ಈ ಕಥೆಯನ್ನು ನಮಗೆ ಎಷ್ಟು ಸಲ ಹೇಳಿದ್ದಾರೋ! ಇನ್ನೊಂದು ಮಾತನ್ನೂ ಅಣ್ಣನ ಹೆಸರಿನಲ್ಲೇ ಹೇಳುತ್ತಿದ್ದರು: "ಒದ್ದೆ ಬಣ್ಣ ನಂಬಬೇಡ." ಬಣ್ಣದ ಹಂಡೆಯಿಂದ ಎತ್ತಿದ ನೂಲು ಒಂದು ಥರ ಕಾಣುತ್ತದೆ, ಒಣಗಿದ ಮೇಲೆ ಇನ್ನೊಂದು ಥರ. ಒಣಗುವವರೆಗೆ ಬಾಯಿ ಬಿಡಬಾರದು. ಡ್ರೋನಿನ ಮೊದಲ ಚಿತ್ರ ನೋಡಿ ನಾನು ಹಿಗ್ಗಿ ಕೂಗಿಕೊಂಡಾಗಲೆಲ್ಲ ಮಿಸ್ ಇದನ್ನೇ ಹೇಳಿ ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಅವರ ಕೆಲಸದಲ್ಲಿ ಎರಡು ನೇಮಗಳಿದ್ದವು. ಹಾರಿಸುವ ಮುಂಚೆ ಒಮ್ಮೆ, ಇಳಿಸಿದ ಮೇಲೆ ಒಮ್ಮೆ, ಬೂದು ಬಣ್ಣದ ಪುಟ್ಟ ಹಲಗೆಯೊಂದನ್ನು ನೆಲದ ಮೇಲಿಟ್ಟು ಡ್ರೋನಿನ ಕಣ್ಣಿಗೆ ತೋರಿಸಬೇಕು. ಆ ಹಲಗೆ ಬೆಳಕನ್ನು ಎಷ್ಟು ಹಿಂದಕ್ಕೆ ಎಸೆಯುತ್ತದೆಂದು ಮೊದಲೇ ಅಳೆದಿಟ್ಟಿರುತ್ತಾರೆ. ಅವತ್ತಿನ ಬಿಸಿಲು, ಮೋಡ ಎಲ್ಲವನ್ನೂ ಅದರಿಂದ ಲೆಕ್ಕ ಹಿಡಿದು ಮಿಕ್ಕ ಬಣ್ಣಗಳನ್ನು ತೂಗುವುದು. ಮಿಸ್ ಅದಕ್ಕೆ ಸಾಕ್ಷಿ ಹಲಗೆ ಎಂದು ಹೆಸರಿಟ್ಟಿದ್ದರು. ಇದು ಎಲ್ಲ ಕಡೆಯೂ ಇರುವ ಪದ್ಧತಿ. ಎರಡನೆಯದು ಮಾತ್ರ ಅವರ ಸ್ವಂತದ್ದು. ಯಾವ ಊರಿನ ಮೇಲೆ ಹಾರಿಸುವುದಿದ್ದರೂ ಹಿಂದಿನ ಸಂಜೆ ಆ ಊರಿನ ಹಾಲಿನ ಡೈರಿಯ ಮುಂದೆ ಹೋಗಿ ನಿಲ್ಲುವುದು. ಹಾಲು ಹಾಕಲು ಎಲ್ಲ ಮನೆಯವರೂ ಅಲ್ಲಿಗೆ ಬರುತ್ತಾರಲ್ಲ. ನಾಳೆ ಎಷ್ಟು ಹೊತ್ತಿಗೆ, ಎಲ್ಲಿಂದ ಎಲ್ಲಿಗೆ ಯಂತ್ರ ಹಾರುತ್ತದೆ, ಅದಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಕ್ಲಾಸಿನಲ್ಲಿ ಹೇಳಿದ ಹಾಗೆ ಬಿಡಿಸಿ ಹೇಳುವುದು. "ಹೇಳದೆ ಹಾರಿಸಿದ್ರೆ ಅದು ಕದ್ದು ನೋಡಿದಂಗೆ" ಎನ್ನುತ್ತಿದ್ದರು.

ಒಂದು ಊರಲ್ಲಿ ಅಜ್ಜಿಯೊಬ್ಬಳು ಹಾಲಿನ ಕ್ಯಾನು ಹಿಡಿದು ಕೇಳಿದಳು: "ನಮ್ ಬಚ್ಲಿಗೆ ಸೂರಿಲ್ಲ ಕಣವ್ವ. ತೆಂಗಿನ ಗರಿ ಮರೆ ಅಷ್ಟೇಯ. ನಾನು ಮೀಯ ಒತ್ನಲ್ಲಿ ನಿನ್ ಮಿಷನ್ ಬಂದ್ರೆ?" ಎಲ್ಲರೂ ನಕ್ಕರು. ಮಿಸ್ ನಗಲಿಲ್ಲ. "ನೀವು ಎಷ್ಟೊತ್ಗೆ ಮೀಯದು ಅಜ್ಜಿ?" ಎಂದು ಕೇಳಿ, ಮಾರನೆಯ ದಿನ ಅಜ್ಜಿಯ ಸ್ನಾನ ಮುಗಿದು, ಅವಳೇ ಬಂದು "ಈಗ ಬುಡವ್ವ" ಎನ್ನುವ ತನಕ ಡ್ರೋನನ್ನು ಮೇಲೆ ಏರಿಸಲಿಲ್ಲ.

ಆ ವರ್ಷದ ಆಯುಧಪೂಜೆಗೆ ಮಿಸ್ ಹನೂರಿನ ಮನೆಯಲ್ಲಿದ್ದರು, ನಾನು ಸತ್ತೇಗಾಲದಲ್ಲಿ. ಸಾಮಾನೆಲ್ಲ ಡ್ರೈವರಣ್ಣನ ಮನೆಯಲ್ಲಿ. ಅವನು ಜೀಪು ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಭಕ್ತಿಯಿಂದ ಒಂದೊಂದಕ್ಕೂ ಪೂಜೆ ಮಾಡಿದ್ದಾನೆ. ಸಾಕ್ಷಿ ಹಲಗೆಗೂ ಅರಿಶಿನ ಬಳಿದು, ವಿಭೂತಿ ಎಳೆದು, ನಡುವೆ ದುಂಡಗೆ ಕುಂಕುಮ ಇಟ್ಟಿದ್ದಾನೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಸೇರಿಸಿದ್ದಾನೆ. ನಮ್ಮ ಕಣ್ಣಿಗೆ ಹಲಗೆ ಚೊಕ್ಕವಾಗಿಯೇ ಇತ್ತು. ಆದರೆ ಡ್ರೋನಿನದು ನಮ್ಮ ಕಣ್ಣಲ್ಲವಲ್ಲ. ಆ ವಾರವೆಲ್ಲ ಹಾರಿಸಿ ತಂದ ಚಿತ್ರಗಳಲ್ಲಿ, ಮಳೆ ಬಿದ್ದು ನಳನಳಿಸುತ್ತಿದ್ದ ತೋಟಗಳೆಲ್ಲ ಒಣಗಿ ನಿಂತಿದ್ದವು. ಮಿಸ್ ಕ್ಯಾಮೆರಾ ಬಿಚ್ಚಿ ನೋಡಿದರು, ವೈರು ನೋಡಿದರು, ಕೊನೆಗೆ ಹಲಗೆಯನ್ನು ಮೂಗಿಗೆ ಹಿಡಿದರು. "ಇದಕ್ಕೆ ಯಾರೋ ಪೂಜೆ ಮಾಡಿದಾರೆ!"

"ನಾನೇ ಮಿಸ್ಸು" ಎಂದ ಡ್ರೈವರಣ್ಣ ಹೆಮ್ಮೆಯಿಂದಲೇ. "ನಮ್ ಅನ್ನದ ಸಾಮಾನಲ್ವಾ? ಎಲ್ಲಕ್ಕೂ ಮಾಡಿ ಅದೊಂದ್ನ ಬುಟ್ಬುಟ್ರೆ ಬೇಜಾರ್ ಮಾಡ್ಕತದೆ ಅಂತ."

ಮಿಸ್ ನಕ್ಕು ನಕ್ಕು ಜೀಪಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕಣ್ಣೊರೆಸಿಕೊಂಡು ಹೇಳಿದರು: "ಜೀಪಿಗೆ ಬೊಟ್ಟಿಡಪ್ಪ. ನನ್ನ ಹಣೆಗೂ ಇಡು. ಸಾಕ್ಷಿ ಮುಖಕ್ಕೆ ಮಾತ್ರ ಬಣ್ಣ ಹಚ್ಚಬೇಡ." ಮುಂದಿನ ವರ್ಷದಿಂದ ಅವನು ಹಲಗೆಯನ್ನು ಮುಟ್ಟದೆ ಅದರ ಚೀಲಕ್ಕೆ ಪೂಜೆ ಮಾಡತೊಡಗಿದ. ಆ ವಾರದ ಕೆಲಸವನ್ನು ಮಾತ್ರ ಮಿಸ್ ಪೂರ್ತಿ ತೆಗೆದುಹಾಕಿದರು.

ತೆಗೆದುಹಾಕಿದ್ದರಲ್ಲಿ ಒಂದು ಕಾಲುವೆಯೂ ಇತ್ತು. ಯಳಂದೂರಿನ ದಾರಿಯಲ್ಲಿ ಒಂದು ಕೆರೆ. ಊರಿನ ಹೆಸರು ಬೇಡ. ಆ ಕೆರೆಯಲ್ಲಿ ಮೀನು ಸತ್ತು ತೇಲುತ್ತಿದ್ದವು. ಎಮ್ಮೆಗಳು ನೀರು ಮೂಸಿ ಹಿಂದಕ್ಕೆ ಬರುತ್ತಿದ್ದವು. ಬಟ್ಟೆ ಒಗೆದ ಹೆಂಗಸರ ಕೈಯೆಲ್ಲ ತುರಿಕೆ. ಕೆರೆಗೆ ನೀರು ತರುವ ಕಾಲುವೆಗಳು ಮೂರು, ಯಾವುದರಿಂದ ಏನು ಬರುತ್ತಿದೆ ಎಂದು ನೋಡಿ ನಕ್ಷೆ ಮಾಡಿಕೊಡಿ ಎಂದು ಊರಿನವರು ಕೇಳಿದ್ದರು. ಹಬ್ಬಕ್ಕೆ ಮುಂಚೆ ಹಾರಿಸಿದ ಎರಡು ಕಾಲುವೆಗಳಲ್ಲೂ ಬಣ್ಣದ ನೀರು ಸಿಕ್ಕಿ, ಅದನ್ನು ಬಿಡುತ್ತಿದ್ದ ಕಾರ್ಖಾನೆಗಳ ಜಾಗ ನಕ್ಷೆಗೆ ಏರಿತ್ತು. ಮತ್ತೆ ಹಾರಿಸಿ ನೋಡಬೇಕಿದ್ದ ಮೂರನೆಯದು ಕೊಳ್ಳೇಗಾಲದ ನೇಯುವವರ ಬೀದಿಯ ಹಿಂದಿನಿಂದ ಹರಿದು ಬರುತ್ತಿತ್ತು. ಅದರ ದಡದಲ್ಲಿದ್ದುದು ಒಂದೇ ಬಣ್ಣದ ಮನೆ, ಮಿಸ್ ಅವರ ತವರಿನದು.

ಜೀಪಿನಲ್ಲಿ ನಾನು ಬಾಯಿಬಿಟ್ಟೇ ಹೇಳಿದೆ. "ಮಿಸ್, ಹಲಗೆ ಕೆಟ್ಟು ಮೂರನೇದು ಸಿಗಲಿಲ್ಲ ಅಂತ ಬರೆದುಬಿಡಿ. ಸುಳ್ಳೇನೂ ಅಲ್ವಲ್ಲ."

"ಊ ಮಿಸ್ಸು" ಎಂದು ಡ್ರೈವರಣ್ಣನೂ ದನಿಗೂಡಿಸಿದ. "ಆ ತಾಯೇ ನನ್ ಕೈಲಿ ಕುಂಕುಮ ಇಡ್ಸವ್ಳೆ ಅನ್ಕಳಿ."

ಕಿಟಕಿಯಾಚೆ ಕಬ್ಬಿನ ಗದ್ದೆ ಮುಗಿದು ಮನೆಗಳು ಶುರುವಾದ ಮೇಲೆ ಮಿಸ್ ಹೇಳಿದರು: "ಆ ಎರಡು ಕಾಲುವೆ ದಡದೋರಿಗೂ ತಂಗೀರು ಇರ್ತಾರೆ ಕಣೇ. ಆ ತಂಗೀರ ಕೈಲಿ ಡ್ರೋನಿಲ್ಲ, ಅಷ್ಟೇ." ಅವರು ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು. ಆದರೂ ಅವತ್ತು ನನಗೆ ಅವರ ಮೇಲೆ ಮೈಯೆಲ್ಲ ಉರಿಯಿತು. ತವರು ಒಂದನ್ನು ಕಳೆದುಕೊಂಡರೆ ಹೆಂಗಸಿಗೆ ಮತ್ತೊಂದು ಸಿಗುತ್ತದೆಯೇ?

ಸಂಜೆ ಅವರು ನನ್ನನ್ನೂ ಕರೆದುಕೊಂಡು ಅಣ್ಣನ ಮನೆಗೆ ಹೋದರು. ಅತ್ತಿಗೆ ಕಾಫಿ ಕೊಟ್ಟರು. ಅಣ್ಣ ಒಳಗೆ ಮಗ್ಗದ ಗುಣಿಯಲ್ಲಿ ಕಾಲಿಳಿಸಿ ಕೂತಿದ್ದರು, ಎತ್ತರದ ಆಸಾಮಿ, ಉಗುರಿನ ಸಂದಿಯಲ್ಲೆಲ್ಲ ಬಣ್ಣ. ಮಿಸ್ ಕೂರಲಿಲ್ಲ. ಹಾಲಿನ ಡೈರಿಯ ಮುಂದೆ ನಿಂತಂತೆಯೇ ನಿಂತು ಹೇಳಿದರು: "ಅಣ್ಣಯ್ಯ, ನಾಳೆ ಹೊತ್ತು ಹುಟ್ಟುತ್ತಲೇ ನಿನ್ನ ಬಣ್ಣದ ಮನೆ ಹಿಂದಿನ ಕಾಲುವೆ ಮೇಲೆ ಹಾರಿಸ್ತೀವಿ. ಬಣ್ಣ ನೋಡೋ ಕಣ್ಣು, ಬಿಸಿ ನೋಡೋ ಕಣ್ಣು, ಎರಡೂ ಇರ್ತವೆ. ಏನು ಕಾಣುತ್ತೋ ಅದು ಕೆರೆ ನಕ್ಷೆಗೆ ಸೇರುತ್ತೆ."

ಅಣ್ಣ ನಕ್ಕರು. "ಹಾರ್ಸು ಕೂಸೇ. ನಮ್ಮನೆ ಮ್ಯಾಲೆ ಹಾರ್ಸಕ್ಕೆ ನಿಂಗ್ಯಾರು ಬ್ಯಾಡ ಅಂದಾರು? ಲೇ, ಮಲ್ಲಿಗೆ ಐತಲ್ಲ, ಅವ್ಳ ತಲೆಗೆ ಮುಡ್ಸು" ಎಂದು ಹೆಂಡತಿಯನ್ನು ಕೂಗಿದರು. ಮಿಸ್ ಮಲ್ಲಿಗೆ ಮುಡಿದುಕೊಂಡೇ ಹೊರಗೆ ಬಂದರು. ನನಗೋ ಒಳಗೊಳಗೇ ನೆಮ್ಮದಿ. ಹೇಳಿ ಆಯಿತು, ನಾಳೆ ಒಂದು ಬೆಳಗ್ಗೆ ಆ ಮನುಷ್ಯ ನೀರು ಹಿಡಿದಿಟ್ಟುಕೊಳ್ಳುತ್ತಾನೆ, ಕಾಲುವೆ ಶುದ್ಧವಾಗಿ ಕಾಣುತ್ತದೆ, ಎಲ್ಲ ಸುಸೂತ್ರ.

ಬೆಳಗ್ಗೆ ನೆಲ ಇನ್ನೂ ತಣ್ಣಗಿತ್ತು. ಎಳೆ ಬಿಸಿಲು ಅಡ್ಡಲಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಮಿಸ್ ಸೆರಗು ಎಳೆದುಕೊಂಡರು. ಸಾಕ್ಷಿ ಹಲಗೆಯನ್ನು ಅವತ್ತು ನಾನೇ ತೊಳೆದು, ಒಣ ಬಟ್ಟೆಯಲ್ಲಿ ಒತ್ತಿ ಇಟ್ಟಿದ್ದೆ. ಡ್ರೋನ್ ಏರಿತು. ನನ್ನ ಕಣ್ಣು ಆಕಾಶದಲ್ಲಿತ್ತು, ಪರದೆಯಲ್ಲಿ ಏನಿದೆಯೋ ಕಾಣದು. ಸೆರಗಿನೊಳಗಿಂದ ಮೆಲ್ಲಗೆ ದನಿ ಬಂತು.

"ಅಣ್ಣಯ್ಯ ಒಲೆ ಹಚ್ಚವ್ನೆ."

ಶಾಲೆಯ ಕನ್ನಡವೆಲ್ಲ ಕಳಚಿ ಬೀದಿಯ ಮಾತು ಬಾಯಿಗೆ ಬಂದಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ: "ನೀರು ಬುಟ್ಟ."

ಆ ಚಿತ್ರವನ್ನು ನಾನು ಆಮೇಲೆ ನೋಡಿದೆ. ಬಿಸಿ ನೋಡುವ ಕಣ್ಣಿಗೆ ತಣ್ಣನೆಯ ನೆಲವೆಲ್ಲ ಕಪ್ಪು. ಬಣ್ಣದ ಮನೆಯ ಗೋಡೆಯಡಿಯಿಂದ ಹೊರಟ ಬಿಸಿನೀರು ಮಾತ್ರ ಬೆಳ್ಳಗೆ, ರಾಟೆಯಿಂದ ಬಿಚ್ಚಿಕೊಂಡ ರೇಷ್ಮೆ ಎಳೆಯ ಹಾಗೆ ಕಾಲುವೆಗೆ ಇಳಿದು ಕೆರೆಯ ಕಡೆ ಹೊರಟಿತ್ತು. ಡ್ರೋನ್ ಇಳಿಯಿತು, ರೆಕ್ಕೆ ನಿಂತಿತು. ಮಿಸ್ ಸೆರಗಿನೊಳಗಿಂದ ಹೊರಗೆ ಬರಲಿಲ್ಲ. ಸೊಪ್ಪಿನ ಪುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತಳು. "ಯಾಕವ್ವಾ, ಆ ಯಮ್ಮ ಅಳ್ತಾ ಅದೆ?" ಡ್ರೈವರಣ್ಣ ಅಭ್ಯಾಸಬಲದಿಂದ ಬಾಯಿ ತೆರೆದ. ತಿರುಗಿ ಜೀಪಿನ ಗಾಜು ಒರೆಸತೊಡಗಿದ.

ನಕ್ಷೆಯನ್ನು ಮಿಸ್ ಮೂರು ಕಾಲುವೆಗಳೊಂದಿಗೇ ಕೊಟ್ಟರು. ಕೆಲವು ದಿನಗಳಾದ ಮೇಲೆ ಅಣ್ಣ ಹನೂರಿಗೆ ಬಂದರು. ನಾನು ಅಂಗಳದಲ್ಲಿ ಬ್ಯಾಟರಿ ಒರೆಸುತ್ತ ಕೂತಿದ್ದೆ. ಅವರು ಹೊಸ್ತಿಲು ದಾಟಲಿಲ್ಲ. ಮಿಸ್ ತಂದ ನೀರಿನ ಚೊಂಬನ್ನೂ ಮುಟ್ಟಲಿಲ್ಲ.

"ನೀ ಹೇಳಿದ್ದೆ. ಇಲ್ಲ ಅನ್ನಕಿಲ್ಲ" ಎಂದರು. "ಆದ್ರೆ ಬರಿತೀಯ ಅಂತ ಅನ್ಕಂಡಿರ್ಲಿಲ್ಲ. ನಮ್ ಕೂಸು ನೋಡಿದ್ರೂ ನೋಡ್ದಂಗೆ ಇರ್ತದೆ ಅಂತ್ಲೇ ಒಲೆ ಹಚ್ದೆ."

"ಆ ಊರಿನ ಹೆಂಗಸ್ರು ಅದೇ ನೀರಲ್ಲಿ ಕೈ ಇಡ್ತಾರೆ ಅಣ್ಣಯ್ಯ."

"ಅವರು ನಿನ್ನ ಸೈಕಲ್ಲಲ್ಲಿ ಕೂರಿಸ್ಕಂಡು ಓಗಿದ್ರಾ?"

ಮಿಸ್ ಚೊಂಬು ಹಿಡಿದು ನಿಂತೇ ಇದ್ದರು. ಅಣ್ಣ ಟವೆಲ್ ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟರು.

ಮಿಕ್ಕ ಎರಡು ಕಡೆಯವರು ಸೇರಿ ಕೊಳಕು ನೀರು ತಿಳಿಯಾಗಿಸುವ ತೊಟ್ಟಿ ಕಟ್ಟಿಸಿಕೊಂಡರು. ಅಣ್ಣ ಮಾತ್ರ ಹಟಕ್ಕೆ ಬಿದ್ದು ಬಣ್ಣದ ಮನೆಗೆ ಬೀಗ ಹಾಕಿ ಬರೀ ಮಗ್ಗಕ್ಕೆ ಕೂತರು. ಕೆರೆ ಮೆಲ್ಲಗೆ ಚೇತರಿಸಿಕೊಂಡಿತು. ಅದನ್ನೂ ನಾವೇ ಹಾರಿಸಿ ನೋಡಿದೆವು. ಆ ಊರಿನವರೊಬ್ಬರು ಸಂತೋಷಕ್ಕೆ ಮಿಸ್ ಕೈಗೆ ದೊಡ್ಡ ಮೀನೊಂದನ್ನು ಇಟ್ಟರು. ಜನ್ಮದಲ್ಲಿ ಮೀನು ಮುಟ್ಟದ ಮಿಸ್, ಬೇಡವೆಂದರೆ ನೊಂದುಕೊಂಡಾರು ಎಂದು ಎರಡೂ ಕೈಯಲ್ಲಿ ಕೂಸಿನ ಹಾಗೆ ಹಿಡಿದುಕೊಂಡು ಬಂದು ಡ್ರೈವರಣ್ಣನಿಗೆ ಒಪ್ಪಿಸಿದರು. ಅವತ್ತು ಅವರು ನಕ್ಕಿದ್ದು ನೋಡಿ ನನಗೆ ಜೀವ ಬಂದ ಹಾಗಾಯಿತು.

ಆದರೆ ಗೌರಿ ಹಬ್ಬ ಬಂತು. ತವರಿನಿಂದ ಬಾಗಿನದ ಮೊರ ಬರುವ ದಿನ. ಅಣ್ಣ ಪ್ರತಿ ವರ್ಷ ತಾವೇ ನೇಯ್ದ ಸೀರೆಯನ್ನು ಮೊರದ ಮೇಲಿಟ್ಟು ತರುತ್ತಿದ್ದರಂತೆ. ಮಿಸ್ ಬೆಳಗ್ಗೆಯೇ ತಲೆಗೆ ಎರೆದುಕೊಂಡು, ಬಾಗಿಲಿಗೆ ತೋರಣ ಕಟ್ಟಿ, ಜಗಲಿಯ ಮೇಲೆ ಹೂ ಕಟ್ಟುತ್ತ ಕೂತರು. ಸಂಜೆಯ ತನಕವೂ ಕೂತೇ ಇದ್ದರು. ಯಾರೂ ಬರಲಿಲ್ಲ. ಅದರ ಮುಂದಿನ ವರ್ಷವೂ ಹಾಗೆಯೇ. ನನಗೆ ತಡೆಯಲಾಗದೆ ಅವರ ಅಣ್ಣನನ್ನು ಕಲ್ಲೆದೆಯವರು ಎಂದು ಅಂದುಬಿಟ್ಟೆ. ಮಿಸ್ ನನ್ನನ್ನು ದುರುಗುಟ್ಟಿ ನೋಡಿದರು. "ಸುಮ್ಮನಿರೇ. ಬಣ್ಣ ನೋಡೋದನ್ನ ಕಲಿಸಿದ್ದೇ ಅವನು. ಅವನು ಕೊಟ್ಟ ಕಣ್ಣಲ್ಲೇ ಅವನನ್ನ ಹಿಡಿದೆ. ನೋವಾಗದೆ ಇರುತ್ತಾ?"

ಅವರ ಹೊಟ್ಟೆಯಲ್ಲಿ ಗಂಟು ಎಂದು ಗೊತ್ತಾದದ್ದು ಮರುವರ್ಷದ ಬೇಸಗೆಯಲ್ಲಿ. ಮೈಸೂರಿನ ಆಸ್ಪತ್ರೆಗೆ ಅಲೆದಾಟ. ಆ ಹೊತ್ತಿಗೆ ಅವರೇ ಹಿಂದೆ ಬಿದ್ದು ನನಗೂ ಲೈಸೆನ್ಸು ಮಾಡಿಸಿದ್ದರು. ನಾನು ಹಾರಿಸಿ ಬಂದು ಮಂಚದ ಪಕ್ಕ ಕೂತರೆ ಎರಡೇ ಪ್ರಶ್ನೆ: "ಊರಿಗೆ ಹೇಳಿದೆಯಾ? ಸಾಕ್ಷಿ ಇಟ್ಟೆಯಾ?" ಒಂದು ದಿನ ನಾನೇ ಕೇಳಿದೆ, ಅಣ್ಣನಿಗೆ ಹೇಳಿ ಬರಲೇ ಎಂದು. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಹೇಳು. ಬರಲಿ ಅಂತಲ್ಲ. ಹೇಳದೆ ಹೋಗಬಾರದು."

ನಾನು ಕೊಳ್ಳೇಗಾಲಕ್ಕೆ ಹೋದೆ. ಅವರ ಅಣ್ಣ ಮಗ್ಗದಲ್ಲಿದ್ದರು. ಎದುರಿಗೆ ಅಚ್ಚ ಹಸಿರು ಸೀರೆ ನೇಯ್ಗೆಯಲ್ಲಿತ್ತು. ಮಿಸ್ ಇನ್ನು ತುಂಬಾ ದಿನ ಇರುವುದಿಲ್ಲ ಎಂದು ಹೇಳಿದೆ. ಲಾಳಿ ನಿಲ್ಲಲಿಲ್ಲ. "ಸರಿ" ಎಂದರು, ಕತ್ತು ಎತ್ತದೆ. ಮತ್ತೆ ಮಗ್ಗದ ಸದ್ದು. ಅತ್ತಿಗೆ ಮಾತ್ರ ಬಾಗಿಲಿನ ತನಕ ಬಂದು ಸೆರಗಿನಿಂದ ಕಣ್ಣೊತ್ತಿಕೊಂಡರು. ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತ ಆ ಮನುಷ್ಯನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

ಗೌರಿ ಹಬ್ಬ ಇನ್ನೇನು ಬರುತ್ತದೆನ್ನುವಾಗ ಒಂದು ಬೆಳಗಿನ ಜಾವ ಮಿಸ್ ಹೋದರು.

ಮುತ್ತೈದೆಯ ಮೈಮೇಲೆ ತವರಿನ ಸೀರೆ ಬೀಳದೆ ಹೆಣ ಎತ್ತುವ ಹಾಗಿಲ್ಲ. ಸುದ್ದಿ ಮುಟ್ಟಿಸಿ ಆಗಿತ್ತು. ಹೊತ್ತು ಏರುತ್ತ ಹೋಯಿತು. ಕೊಳ್ಳೇಗಾಲದ ಬಸ್ಸು ಬಂತು, ಅವರು ಇಳಿಯಲಿಲ್ಲ. ಮತ್ತೊಂದು ಬಸ್ಸು ಬಂತು, ಅದರಲ್ಲೂ ಇಲ್ಲ. ವಯಸ್ಸಾದ ಹೆಂಗಸರು ಗುಸುಗುಸು ಶುರು ಮಾಡಿದರು. ಅಂಗಡಿಯಿಂದಲೇ ಒಂದು ತಂದು ತವರಿನದು ಅಂದುಕೊಂಡರಾಯಿತು ಎಂದು ಯಾರೋ ಹೇಳಿದರು. ಮೂಲೆಯಲ್ಲಿ ಕೂತಿದ್ದ ಮಿಸ್ ಅವರ ಯಜಮಾನರು ತಲೆ ಎತ್ತಿ "ಸುಳ್ಳು ಸೀರೆ ಉಡಿಸ್ಬೇಡಿ ಅವಳಿಗೆ" ಎಂದರು. ನಾನು ಗೇಟಿನ ಹತ್ತಿರ ನಿಂತು ರಸ್ತೆಯನ್ನೇ ನೋಡುತ್ತಿದ್ದೆ. ನೋಡುವುದಕ್ಕೆಂದೇ ಅವರು ನನ್ನನ್ನು ಕೆಲಸಕ್ಕೆ ಕರೆದಿದ್ದರಲ್ಲವೇ. ಅವತ್ತು ಕೂಡ ಅದೊಂದೇ ನನ್ನ ಕೈಲಾದದ್ದು.

ಬಿಸಿಲು ನೆತ್ತಿಗೆ ಬಂದಾಗ ಒಂದು ಆಟೋ ಬಂದು ನಿಂತಿತು. ಅಣ್ಣ, ಅತ್ತಿಗೆ ಇಳಿದರು. ಅಣ್ಣನ ಎದೆಗೆ ಅವಚಿದ ಬಿಳಿ ಪಂಚೆಯ ಗಂಟು. ಒಳಗೆ ಹೆಂಗಸರು ಅದನ್ನು ಬಿಚ್ಚಿದರು. ನಾನು ಮಗ್ಗದ ಮೇಲೆ ಕಂಡಿದ್ದ ಅದೇ ಹಸಿರು. ಉದ್ದಕ್ಕೆ ಬಿಡಿಸುತ್ತ ಹೋದ ಹಿರಿಯ ಹೆಂಗಸೊಬ್ಬರ ಕೈ ತಟ್ಟನೆ ನಿಂತಿತು. ತುದಿಯಲ್ಲಿ ಬರೀ ಎಳೆಗಳು ಜೋತಾಡುತ್ತಿದ್ದವು.

"ಇದೇನಪ್ಪ, ಸೆರಗೇ ಇಲ್ವಲ್ಲ!"

"ಹಬ್ಬಕ್ಕೆ ಅಂತ ಹಾಕಿದ್ದೆ ಮಗ್ಗಕ್ಕೆ" ಎಂದರು ಅಣ್ಣ. "ಸೆರಗು ಬಾಕಿ ಇತ್ತು. ಬೆಳಗಿಂದ ನೇಯ್ತಾನೇ ಇದ್ದೆ, ಮುಗಿಸ್ಬುಡಮ ಅಂತ. ಎಳೆ ಮ್ಯಾಲೆ ಎಳೆ ಕಿತ್ತೋಯ್ತಿತ್ತು. ಅವ್ಳು ಕಾಯ್ತಾವ್ಳಲ್ಲ ಅಂತ ಕುಯ್ಕಂಡು ಬಂದ್ಬುಟ್ಟೆ." ಆಮೇಲೆ ಯಾಕೋ ನನ್ನ ಕಡೆ ತಿರುಗಿದರು. "ಬಣ್ಣ ನಾನೇ ಕಟ್ಟಿದ್ದು, ಬೀಗ ತೆಗ್ದು. ಆ ನೀರು ಇನ್ನೂ ಹಂಡೇಲೇ ಐತೆ ಕೂಸೇ. ಕಾಲುವೆಗೆ ಚೆಲ್ಲಕ್ಕೆ ಕೈ ಬರ್ಲಿಲ್ಲ." ಇಷ್ಟು ಹೇಳಿ ತಂಗಿಯ ಕಾಲ ಬಳಿ ಕುಸಿದು ಕೂತು, ಎತ್ತರದ ಆ ಮನುಷ್ಯ ಚಿಕ್ಕವರ ಹಾಗೆ ಅತ್ತರು. ಮೂರು ವರ್ಷದಿಂದ ನಾನು ಅವರ ಮೇಲೆ ಸಾಕಿಕೊಂಡಿದ್ದ ಸಿಟ್ಟು ಅವತ್ತು ಎಲ್ಲಿ ಹೋಯಿತೋ ತಿಳಿಯದು.

ಸೆರಗಿಲ್ಲದ ಆ ಸೀರೆಯಲ್ಲೇ ಮಿಸ್ ಹೋದರು. ಯಾವ ಸೆರಗಿನಿಂದ ಅವರನ್ನು ಇಡೀ ಸೀಮೆ ಗುರುತಿಸುತ್ತಿತ್ತೋ ಅದೊಂದು ಅವರ ಜೊತೆ ಹೋಗಲಿಲ್ಲ.

ತಿಥಿಯೆಲ್ಲ ಕಳೆದ ಮೇಲೆ ಅಣ್ಣ ಫೋನ್ ಮಾಡಿ ಕರೆಸಿಕೊಂಡರು. ಅಂಗಳದಲ್ಲಿ ಅಗಲವಾದ ತಟ್ಟೆಗಳಲ್ಲಿ ಹಂಡೆಯ ನೀರನ್ನು ಹರಡಿ ಬಿಸಿಲಿಗಿಟ್ಟಿದ್ದರು. ನೀರು ಇಂಗಿ ತಳದಲ್ಲಿ ಹಸಿರು ಹಕ್ಕಳೆ ಕಟ್ಟಿತ್ತು. "ಇಷ್ಟು ಮಾಡಕ್ಕೆ ಆಗ್ತಿತ್ತು ನೋಡು ಆವಾಗ್ಲೂ" ಎಂದರು, ತಮಗೇ ಹೇಳಿಕೊಂಡಂತೆ. ಒಳಗಿನಿಂದ ಮಡಿಸಿದ ಬಟ್ಟೆಯೊಂದನ್ನು ತಂದು ನನ್ನ ಕೈಗಿಟ್ಟರು. ಮಗ್ಗದಲ್ಲಿ ಉಳಿದಿದ್ದ ಎಳೆಗಳನ್ನು ಮತ್ತೆ ಕಟ್ಟಿಕೊಂಡು ನೇಯ್ದು ಮುಗಿಸಿದ ಸೆರಗು. ಹಸಿರಿನ ಮೇಲೆ ಸಣ್ಣ ಸಣ್ಣ ಬುಟ್ಟಾ ಹೂಗಳು. "ಅವ್ಳ್ದು ಇದು. ಬಿಸ್ಲಲ್ಲಿ ತಲೆ ಮ್ಯಾಲೆ ಹಾಕ್ಕ."

ಈಗ ಹಾರಿಸುವವಳು ನಾನು. ಕತ್ತೆತ್ತಿ ನೋಡುವುದಕ್ಕೆ ಯಳಂದೂರಿನ ಒಬ್ಬ ಹುಡುಗಿ ಬರುತ್ತಾಳೆ. ನೀಲಗಿರಿ ಎಣ್ಣೆಯ ಸೀಸೆ ನನ್ನ ಚೀಲದಲ್ಲಿರುತ್ತದೆ. ಹಿಂದಿನ ಸಂಜೆ ಹಾಲಿನ ಡೈರಿಯ ಮುಂದೆ ನಿಂತು ಹೇಳದೆ ನಾನು ಯಾವ ಊರಿನ ಮೇಲೂ ಡ್ರೋನ್ ಏರಿಸಿಲ್ಲ. ನನಗೆ ಬೇಕಾದವರ ಹೊಲ, ಮನೆ, ಕಾಲುವೆ ಪರದೆಯ ಮೇಲೆ ಬಂದಾಗಲೆಲ್ಲ ಮಿಸ್ ನೆನಪಾಗುತ್ತಾರೆ. ಕಂಡದ್ದನ್ನು ಕಂಡ ಹಾಗೆ ಬರೆಯಲು ಕೈ ಹಿಂದೆಗೆದಾಗ ಸೆರಗಿನೊಳಗಿಂದ ಬಂದ ಆ ಬೆಳಗಿನ ದನಿ ಕೇಳಿಸುತ್ತದೆ. ಆಮೇಲೆ ಬರೆಯುತ್ತೇನೆ. ನನಗೆ ಅವರು ಕೊಟ್ಟು ಹೋದದ್ದು ಇದು. ಹಗುರವಾದ ಆಸ್ತಿಯಲ್ಲ.

ಬಿಸಿಲು ಏರಿದರೆ ಹಸಿರು ಸೆರಗನ್ನು ತಲೆಯ ಮೇಲಿಂದ ಎಳೆದುಕೊಂಡು ಪರದೆಗೂ ಹೊದಿಸುತ್ತೇನೆ. ಒಳಗೆ ತಂಪು ಕತ್ತಲೆ, ಪರದೆ ಚೆನ್ನಾಗಿ ಕಾಣುತ್ತದೆ. ಮೊನ್ನೆ ಕೆರೆ ಏರಿಯ ಮೇಲೆ ಹೀಗೆ ನಿಂತಿದ್ದಾಗ ಹೊರಗೆ ಯಾವುದೋ ಹೆಂಗಸಿನ ದನಿ ಕೇಳಿಸಿತು: "ಯಾಕಣ್ಣ, ಆ ಉಡ್ಗಿ ಅಳ್ತಾವ್ಳೆ?"

"ಅಳ್ತಿಲ್ಲ ಕಣಕ್ಕ, ನೋಡ್ತಾವ್ಳೆ" ಎಂದ ಡ್ರೈವರಣ್ಣ.

ಅವನ ಮಾತನ್ನು ನಾನು ತಿದ್ದಲಿಲ್ಲ. ಕೆಲವು ದಿನ ಎರಡೂ ಇರುತ್ತದೆ.